ಬೆಟ್ಟ ಹತ್ತಿಸುವ ಸೈಕಲ್ಲಿಗೆ ಬಸ್ಕಿಯ ಬಲ

ಭಾನುವಾರ ಬೆಳಗಿನ ಜಾವ ಚಾಮುಂಡಿ ಬೆಟ್ಟದ ರಸ್ತೆಯಲ್ಲಿ ಹೆಲ್ಮೆಟ್ ಹಾಕಿಕೊಂಡು ಏದುಸಿರು ಬಿಡುತ್ತಾ ಸೈಕಲ್ ತುಳಿಯುವವರು ಕಾಣಸಿಗುತ್ತಾರೆ. ಊರಿನ ಮಟ್ಟದಿಂದ ಬೆಟ್ಟದ ತುದಿಗೆ ಸುಮಾರು 300 ಮೀಟರ್ ಏರು. ಅದೇ ಹೊತ್ತಿಗೆ ಕೆಳಗೆ ಮೈಸೂರಿನ ಹಳೆಯ ಗರಡಿಗಳಲ್ಲಿ ಪೈಲ್ವಾನರು ಸಾಮು ಮಾಡುತ್ತಿರುತ್ತಾರೆ. ಇಬ್ಬರ ಬಂಡವಾಳವೂ ಕಾಲೇ. ಆದರೂ ಸೈಕಲ್‌ನವರು ಭಾರ ಎತ್ತಲು ಹಿಂಜರಿಯುತ್ತಾರೆ, ಭಾರ ಎತ್ತುವವರು ಸೈಕಲ್ ಹತ್ತುವುದಿಲ್ಲ. ಅದಕ್ಕೆ ಕಾರಣವಾದ ಕೆಲವು ನಂಬಿಕೆಗಳನ್ನು ಒಂದೊಂದಾಗಿ ನೋಡೋಣ.

ತಪ್ಪು ಕಲ್ಪನೆ 1: ದಿನಾ ಸೈಕಲ್ ತುಳಿದರೆ ಸಾಕು, ಕಾಲಿಗೆ ಬೇರೆ ವ್ಯಾಯಾಮ ಬೇಡ.

ಸತ್ಯ: ಲೆಕ್ಕ ಹಾಕಿ ನೋಡಿ. ಅಭ್ಯಾಸವಿರುವ ಸವಾರ ನಿಮಿಷಕ್ಕೆ 80 ಸುತ್ತು ತುಳಿಯುತ್ತಾ 200 ವ್ಯಾಟ್ ಶಕ್ತಿ ಹಾಕುತ್ತಿದ್ದರೆ ಪೆಡಲ್ ಮೇಲೆ ಬೀಳುವ ಒತ್ತಡ ಸರಾಸರಿ 14 ಕೆ.ಜಿ.ಯಷ್ಟು. ಕಾಲನ್ನು ಕೆಳಕ್ಕೆ ಒತ್ತುವ ಗಳಿಗೆಯಲ್ಲಿ ಅದು ದುಪ್ಪಟ್ಟಾಗಬಹುದು, ಅಷ್ಟೇ. ಮನೆಯ ಮೆಟ್ಟಿಲು ಹತ್ತುವಾಗ ಒಂದೇ ಕಾಲು ಇಡೀ ಮೈಭಾರ ಹೊರುತ್ತದೆ, ಅಂದರೆ 65–70 ಕೆ.ಜಿ. ಸೈಕಲ್ಲಿನ ಗುಣವೇ ಬೇರೆ: ಗಂಟೆಗೆ 4,800 ಸುತ್ತು, ಪ್ರತಿ ಸಲವೂ ಹಗುರವಾದ ಒತ್ತು. ಇದರಿಂದ ಹೃದಯ, ಶ್ವಾಸಕೋಶ ಪಳಗುತ್ತವೆ, ಸ್ನಾಯುಗಳಿಗೆ ದಣಿವು ತಡೆಯುವ ಶಕ್ತಿ ಬರುತ್ತದೆ. ಆದರೆ ಮುಖ್ಯವಾಗಿ ದೊಡ್ಡ ಭಾರಕ್ಕೆ ಎಚ್ಚರಗೊಳ್ಳುವ ವೇಗದ ಸ್ನಾಯುತಂತುಗಳಿಗೆ ಇಲ್ಲಿ ಹೆಚ್ಚು ಕೆಲಸವೇ ಇಲ್ಲ.

ತಪ್ಪು ಕಲ್ಪನೆ 2: ಹಾಗಾದರೆ ನೂರಾರು ಬಸ್ಕಿ ಹೊಡೆದರಾಯಿತು.

ಸತ್ಯ: ಶುರುವಿನಲ್ಲಿ ಬಸ್ಕಿಯೇ ಸಾಕು. ಹತ್ತು ಹೊಡೆಯಲು ಕಷ್ಟಪಡುವವರಿಗೆ ಅದೇ ಭಾರ. ಆದರೆ ಒಂದೇ ಉಸಿರಿಗೆ ನೂರು ಹೊಡೆಯುವ ಹಂತಕ್ಕೆ ಬಂದ ಮೇಲೆ ಅದೂ ಸೈಕಲ್ ತುಳಿದ ಹಾಗೇ: ದಮ್ಮು ಬೆಳೆಯುತ್ತದೆ, ಬಲ ಬೆಳೆಯುವುದು ಕಡಿಮೆ. ಬಲ ಹೆಚ್ಚಬೇಕಾದರೆ ಭಾರ ಹೆಚ್ಚಬೇಕು, ಎಣಿಕೆ ಇಳಿಯಬೇಕು. ಗರಡಿಯವರು ಬಸ್ಕಿ, ದಂಡಕ್ಕೇ ನಿಲ್ಲಿಸದೆ ಗದೆ, ಗುಂಡುಕಲ್ಲುಗಳನ್ನೂ ಇಟ್ಟುಕೊಂಡದ್ದು ಸುಮ್ಮನೆ ಅಲ್ಲ. ಇಂದಿನ ಲೆಕ್ಕದಲ್ಲಿ, ಆರರಿಂದ ಹತ್ತು ಸಲ ಎತ್ತುವಷ್ಟರಲ್ಲಿ ಇನ್ನು ಒಂದೆರಡು ಸಲ ಮಾತ್ರ ಆದೀತು ಅನ್ನಿಸುವಷ್ಟು ಭಾರವಿರಬೇಕು.

ತಪ್ಪು ಕಲ್ಪನೆ 3: ಭಾರ ಎತ್ತಿದರೆ ತೊಡೆ ದಪ್ಪವಾಗಿ, ಮೈತೂಕ ಏರಿ, ಬೆಟ್ಟ ಹತ್ತುವುದು ಕಷ್ಟವಾಗುತ್ತದೆ.

ಸತ್ಯ: ನಾರ್ವೆಯ ಸಂಶೋಧಕ ಬೆಂಟ್ ರೊನ್ನೆಸ್ಟಾಡ್ ಮತ್ತು ಸಂಗಡಿಗರು ಪಳಗಿದ ಸೈಕಲ್ ಸವಾರರ ಒಂದು ಗುಂಪಿಗೆ ಎಂದಿನ ಸವಾರಿಯ ಜೊತೆಗೆ 12 ವಾರ, ವಾರಕ್ಕೆರಡು ಸಲ ಭಾರದ ವ್ಯಾಯಾಮ ಮಾಡಿಸಿದರು. ತೊಡೆಯ ಸ್ನಾಯು ಕೊಂಚ ಬೆಳೆಯಿತು, ಮೈತೂಕ ಹೇಳಿಕೊಳ್ಳುವಷ್ಟು ಏರಲಿಲ್ಲ. 185 ನಿಮಿಷ ಒಂದೇ ಸಮನೆ ತುಳಿಸಿ, ಆಮೇಲೆ 5 ನಿಮಿಷ ಇದ್ದ ಶಕ್ತಿಯನ್ನೆಲ್ಲ ಹಾಕಿಸಿದಾಗ ಈ ಗುಂಪಿನವರು ಮೊದಲಿಗಿಂತ ಹೆಚ್ಚು ಶಕ್ತಿ ಹಾಕಿದರು. ಕಾರಣ ಸರಳ. ಕಾಲಿನ ಒಟ್ಟು ಬಲ ಹೆಚ್ಚಿದಷ್ಟೂ ಪ್ರತಿ ತುಳಿತಕ್ಕೆ ಅದರಲ್ಲಿ ಖರ್ಚಾಗುವ ಪಾಲು ಚಿಕ್ಕದಾಗುತ್ತದೆ.

ದಮ್ಮಿನ ವ್ಯಾಯಾಮ, ಭಾರದ ವ್ಯಾಯಾಮ ಎರಡೂ ಒಟ್ಟಿಗೆ ಮಾಡಿದರೆ ಒಂದು ಇನ್ನೊಂದನ್ನು ಕೆಡಿಸುತ್ತದೆ ಎಂಬ ಮಾತಿಗೆ ಮೂಲ 1980ರಲ್ಲಿ ರಾಬರ್ಟ್ ಹಿಕ್ಸನ್ ನಡೆಸಿದ ಅಧ್ಯಯನ. ಅಲ್ಲಿ ಏಳೆಂಟು ವಾರಗಳಾದ ಮೇಲೆ ಕುಂಠಿತವಾದದ್ದು ಬಲದ ಬೆಳವಣಿಗೆ, ದಮ್ಮಿಗೆ ಪೆಟ್ಟು ಬೀಳಲಿಲ್ಲ. ಆದ್ದರಿಂದ ಆ ಫಲಿತಾಂಶ ನೋಡಿ ಯೋಚಿಸಬೇಕಾದವರು ಪೈಲ್ವಾನರೇ ಹೊರತು ಸೈಕಲ್‌ನವರಲ್ಲ.

ತಪ್ಪು ಕಲ್ಪನೆ 4: ಬಸ್ಕಿ ಹೊಡೆದರೆ ಮೊಣಕಾಲು ಸವೆಯುತ್ತದೆ.

ಸತ್ಯ: ಮೊಣಕಾಲು ಸವೆತದ ನೋವಿಗೆ ವೈದ್ಯರು, ಫಿಸಿಯೋಥೆರಪಿಸ್ಟ್‌ಗಳು ಹೇಳುವ ಮೊದಲ ಮದ್ದುಗಳಲ್ಲಿ ತೊಡೆಯ ಸ್ನಾಯು ಗಟ್ಟಿ ಮಾಡುವ ವ್ಯಾಯಾಮವೂ ಒಂದು. ಸೈಕಲ್ ತುಳಿಯುವವರ ಮಂಡಿನೋವಿಗೆ ಎಷ್ಟೋ ಸಲ ಸೀಟಿನ ಎತ್ತರ ಕಾರಣ. ಸೀಟು ತಗ್ಗಿದ್ದರೆ ಮಂಡಿ ವಿಪರೀತ ಮಡಚಿ ಚಿಪ್ಪಿನ ಮುಂಭಾಗ ನೋಯುತ್ತದೆ. ಪೆಡಲ್ ತೀರಾ ಕೆಳಗಿದ್ದಾಗ ಮಂಡಿ 25ರಿಂದ 35 ಡಿಗ್ರಿಯಷ್ಟು ಮಾತ್ರ ಬಾಗಿರಬೇಕು. ಭಾರಿ ಗೇರಿನಲ್ಲಿ ತಿಣುಕುತ್ತಾ ಏರು ಹತ್ತುವುದೂ ಮಂಡಿಗೆ ಒಳ್ಳೆಯದಲ್ಲ. ಊತ ಇದ್ದರೆ, ಮಂಡಿ ಸಿಕ್ಕಿಹಾಕಿಕೊಂಡಂತಾಗುತ್ತಿದ್ದರೆ ಮೊದಲು ವೈದ್ಯರಿಗೆ ತೋರಿಸಿ.

ತಪ್ಪು ಕಲ್ಪನೆ 5: ಮಾರನೆಯ ದಿನ ಕಾಲು ಹಿಡಿದುಕೊಳ್ಳುವುದು ಲ್ಯಾಕ್ಟಿಕ್ ಆಸಿಡ್‌ನಿಂದ.

ಸತ್ಯ: ಅದು ವ್ಯಾಯಾಮ ಮುಗಿದ ಒಂದೆರಡು ಗಂಟೆಯೊಳಗೇ ರಕ್ತದಿಂದ ಖಾಲಿಯಾಗುತ್ತದೆ. ಎರಡನೇ ದಿನ ಜೋರಾಗುವ ನೋವಿಗೆ ಬೇರೆ ಕಾರಣವಿದೆ: ಸ್ನಾಯು ಉದ್ದವಾಗುತ್ತಲೇ ಭಾರ ತಡೆದಾಗ ಅದರಲ್ಲಿ ಆಗುವ ಸೂಕ್ಷ್ಮ ಗಾಸಿ. ಸೈಕಲ್ಲಿನಲ್ಲಿ ಒತ್ತುವ ಕೆಲಸವಷ್ಟೇ ಇದೆ, ಹೀಗೆ ಭಾರ ತಡೆಯುವ ಕೆಲಸ ಇಲ್ಲವೆನ್ನುವಷ್ಟು ಕಡಿಮೆ. ವಾರವಾರ ಬೆಟ್ಟ ಹತ್ತಿಸುವ ಗಟ್ಟಿ ಸವಾರರೂ ಒಂದು ದಿನ ಅದೇ ಬೆಟ್ಟದ, ದೊಡ್ಡ ದೇವರಾಜ ಒಡೆಯರ ಕಾಲದ ಸಾವಿರ ಮೆಟ್ಟಿಲು ಇಳಿದು ಬಂದರೆ ಮಾರನೆಯ ದಿನ ಕುಂಟುವುದು ಇದಕ್ಕೇ. ಬಸ್ಕಿಯಲ್ಲಿ ನಿಧಾನವಾಗಿ ಕೆಳಗಿಳಿಯುವುದನ್ನು ರೂಢಿ ಮಾಡಿಕೊಂಡರೆ ಈ ನೋವು ವಾರದಿಂದ ವಾರಕ್ಕೆ ಕಡಿಮೆಯಾಗುತ್ತದೆ. ನೋವು ಬರಲಿಲ್ಲವೆಂದರೆ ವ್ಯಾಯಾಮ ಹಿಡಿಯಲಿಲ್ಲ ಎಂದೇನೂ ಅರ್ಥವಲ್ಲ.

ತಪ್ಪು ಕಲ್ಪನೆ 6: ಇದೆಲ್ಲ ರೇಸಿಗೆ ಹೋಗುವವರಿಗೆ, ನಮ್ಮ ವಯಸ್ಸಿಗಲ್ಲ.

ಸತ್ಯ: ಮೈಸೂರಿನಲ್ಲಿ 2017ರಲ್ಲಿ ಶುರುವಾದ ಟ್ರಿಣ್ ಟ್ರಿಣ್ ಬಾಡಿಗೆ ಸೈಕಲ್ ಹತ್ತಿ ಮಾರುಕಟ್ಟೆಗೆ ಹೋಗಿಬರುವವರಿಗೇ ಇದು ಹೆಚ್ಚು ಬೇಕು. ವಯಸ್ಸಾಗುತ್ತಾ ಮೊದಲು ಸೊರಗುವುದು ಆ ವೇಗದ ತಂತುಗಳೇ. ಎಡವಿದಾಗ ತಟ್ಟನೆ ಕಾಲೂರಿ ಬೀಳದಂತೆ ನಿಲ್ಲಿಸುವವೂ ಅವೇ. ಸೈಕಲ್ ಮೇಲೆ ಮೈಭಾರ ಹೊರುವುದು ಸೀಟು. ಹಾಗಾಗಿ ಬರೀ ಸೈಕಲ್ಲನ್ನೇ ನೆಚ್ಚಿಕೊಂಡವರ ಮೂಳೆಗೆ, ಅದರಲ್ಲೂ ಸೊಂಟದ ಬೆನ್ನುಮೂಳೆಗೆ, ಬೇಕಾದಷ್ಟು ಒತ್ತಡ ಸಿಗುವುದಿಲ್ಲ. ಮುಟ್ಟು ನಿಂತ ಹೆಂಗಸರು ಇದನ್ನು ಗಮನಿಸಲೇಬೇಕು. ವಯಸ್ಕರೆಲ್ಲರೂ ವಾರಕ್ಕೆ ಎರಡು ದಿನವಾದರೂ ಸ್ನಾಯುಬಲದ ವ್ಯಾಯಾಮ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿರುವುದು ನಡಿಗೆ, ಸವಾರಿಗಳ ಬದಲಿಗೆ ಅಲ್ಲ, ಅವುಗಳ ಜೊತೆಗೆ.

ಹೊಂದಿಸಿಕೊಳ್ಳುವುದು ಹೇಗೆ?

ಬೆಟ್ಟಕ್ಕೆ ಭಾನುವಾರ ಹೋಗುವವರು ಮಂಗಳವಾರ ಮತ್ತು ಗುರುವಾರ ಭಾರಕ್ಕೆ ಇಟ್ಟುಕೊಳ್ಳಲಿ. ಶನಿವಾರ ಮಾತ್ರ ಬೇಡ. ಬಸ್ಕಿ, ಎತ್ತರದ ಮೆಟ್ಟಿಲಿಗೆ ಒಂಟಿಕಾಲಲ್ಲಿ ಹತ್ತಿ ನಿಧಾನವಾಗಿ ಇಳಿಯುವುದು, ಸೊಂಟದಿಂದ ಬಾಗಿ ನೆಲದ ಭಾರ ಎತ್ತುವುದು, ಹಿಮ್ಮಡಿ ಎತ್ತಿ ಮೀನಖಂಡಕ್ಕೆ ಕೆಲಸ ಕೊಡುವುದು: ಈ ನಾಲ್ಕು ಸಾಕು, ಅರ್ಧ ಗಂಟೆಯಲ್ಲಿ ಮುಗಿಯುತ್ತವೆ. ಮೊದಲ ಎರಡು ವಾರ ಭಾರ ಬೇಡ, ವರಸೆ ಸರಿಯಾಗಲಿ. ಮೂರು ತಿಂಗಳಾದ ಮೇಲೆ ಸಂಪಾದಿಸಿದ ಬಲ ಉಳಿಸಿಕೊಳ್ಳಲು ವಾರಕ್ಕೊಂದೇ ದಿನ ಸಾಕೆಂಬುದನ್ನೂ ರೊನ್ನೆಸ್ಟಾಡ್ ಅವರ ತಂಡ 13 ವಾರಗಳ ಸ್ಪರ್ಧಾ ಅವಧಿಯಲ್ಲಿ ಪರೀಕ್ಷಿಸಿ ಕಂಡುಕೊಂಡಿದೆ. ಪೂರ್ತಿ ಬಿಟ್ಟರೆ ಮಾತ್ರ ಗಳಿಸಿದ್ದು ಕರಗುತ್ತದೆ.