ಭೌತಶಾಸ್ತ್ರದ ಭಯವೂ ತಪ್ಪುಗಳ ಪುಸ್ತಕವೂ

2025ರ ತಪಸ್ಸುಕಾಲದ ಒಂದು ಶುಕ್ರವಾರ ಶಿಲುಬೆಹಾದಿ ಮುಗಿದ ಮೇಲೆ ಚಾಮರಾಜಪೇಟೆಯ ತಾಯಿಯೊಬ್ಬರು ಮಗಳೊಡನೆ ನಮ್ಮ ಬಳಿಗೆ ಬಂದರು. "ಸ್ವಾಮಿ, ಇವಳು ನೀಟ್ ಪರೀಕ್ಷೆಗೆ ಎರಡನೆಯ ಸಲ ಕೂರುತ್ತಿದ್ದಾಳೆ. ತಲೆಯ ಮೇಲೆ ಕೈಯಿಟ್ಟು ಆಶೀರ್ವದಿಸಿ" ಎಂದರು. ಮೊದಲ ಸಲದ ಕೋಚಿಂಗ್ ಶುಲ್ಕಕ್ಕೆಂದು ಅಡವಿಟ್ಟ ಅವರ ಬಳೆಗಳು ಇನ್ನೂ ಮನೆಗೆ ಬಂದಿರಲಿಲ್ಲ. ಆಶೀರ್ವಾದ ಮುಗಿದ ಮೇಲೆ ಹುಡುಗಿ ಮೆಲ್ಲನೆ ಹೇಳಿದಳು: "ಫಾದರ್, ಬಯಾಲಜಿ ಬರುತ್ತೆ. ಫಿಸಿಕ್ಸ್ ಮಾತ್ರ ಎಷ್ಟು ಓದಿದರೂ ನಿಲ್ಲೋದಿಲ್ಲ."

ಈ ಮಾತನ್ನು ನಮ್ಮ ಕುಟುಂಬಗಳಲ್ಲಿ ನಾವು ಮತ್ತೆ ಮತ್ತೆ ಕೇಳಿದ್ದೇವೆ. ವೈದ್ಯರಾಗಬಯಸುವ ಮಕ್ಕಳು ಪ್ರಾಯಶಃ ಜೀವಶಾಸ್ತ್ರವನ್ನು ಪ್ರೀತಿಸಿ ಬಂದವರು. ಭೌತಶಾಸ್ತ್ರವು ಅವರಿಗೆ ದಾರಿಯಲ್ಲಿ ಅಡ್ಡ ನಿಂತ ಸುಂಕದಕಟ್ಟೆ. ಆದರೆ 720 ಅಂಕಗಳಲ್ಲಿ 180 ಅದರದೇ. ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿಯು 1963ರಲ್ಲಿ ಆರಂಭಿಸಿದ ಸಂತ ಜಾನರ ವೈದ್ಯಕೀಯ ಕಾಲೇಜಿಗೆ ಹಿಂದೆ ಪ್ರತ್ಯೇಕ ಪರೀಕ್ಷೆಯಿತ್ತು. ಈಗ ಅಲ್ಲಿಗೂ ನೀಟ್ ಮೂಲಕವೇ ಹೋಗಬೇಕು.

ಗುರುಮಠದಲ್ಲಿ ತತ್ತ್ವಶಾಸ್ತ್ರ ಓದಿದ ನಮಗೆ ಈ ವಿಷಯದಲ್ಲಿ ಮಾತನಾಡುವ ಅಧಿಕಾರವಿಲ್ಲವೆಂದು ಬಲ್ಲೆವು. ಆದ್ದರಿಂದ ನಮ್ಮ ಧರ್ಮಕೇಂದ್ರದ ನಿವೃತ್ತ ಭೌತಶಾಸ್ತ್ರ ಅಧ್ಯಾಪಕರೊಬ್ಬರನ್ನು ಬೇಡಿಕೊಂಡೆವು. ಅವರು ಮಂಗಳವಾರದ ಸಂಜೆಗಳನ್ನು ಕೊಟ್ಟರು. ನಾವು ಹಿಂದಿನ ಬೆಂಚಿನಲ್ಲಿ ಕುಳಿತೆವು. ಅಲ್ಲಿ ನಮಗೊಂದು ಅಚ್ಚರಿ ಕಾದಿತ್ತು.

ಅಧ್ಯಾಪಕರು ಕೇಳಿದರು: "ಮೇಲಕ್ಕೆ ಎಸೆದ ಕಲ್ಲು ತುತ್ತತುದಿಯಲ್ಲಿ ಒಂದು ಗಳಿಗೆ ನಿಂತಿತಲ್ಲ, ಆಗ ಅದರ ವೇಗೋತ್ಕರ್ಷವೆಷ್ಟು?" ಹುಡುಗಿ ತಟ್ಟನೆ "ಸೊನ್ನೆ" ಎಂದಳು. ವೇಗ ಸೊನ್ನೆ ನಿಜ. ವೇಗೋತ್ಕರ್ಷ ಮಾತ್ರ ಆಗಲೂ ಸೆಕೆಂಡಿಗೆ ಸೆಕೆಂಡಿಗೆ 9.8 ಮೀಟರ್, ಕೆಳಮುಖವಾಗಿ. ಇಲ್ಲವಾದರೆ ಕಲ್ಲು ಅಲ್ಲೇ ನಿಂತುಬಿಡಬೇಕಿತ್ತು! ಇನ್ನೊಂದು ಪ್ರಶ್ನೆ: ಒಂದೇ ವೇಗದಲ್ಲಿ ನೇರ ಸಾಗುವ ಗಾಡಿಯ ಮೇಲಿನ ಒಟ್ಟು ಬಲವೆಷ್ಟು? "ತಳ್ಳುತ್ತಿರುವಷ್ಟು" ಎಂದಳು. ಅದು ಅರಿಸ್ಟಾಟಲನ ಉತ್ತರ. ತಳ್ಳುವವನಿಲ್ಲದೆ ಚಲನೆಯಿಲ್ಲವೆಂದು ಅವನು ಬರೆದಿಟ್ಟ. ಗಾಂಧಿ ಬಜಾರಿನಲ್ಲಿ ತಳ್ಳುಗಾಡಿಯ ಹಿಂದೆ ನಡೆದವರಾರೂ ಅವನನ್ನು ಹಳಿಯಲಾರರು. ಕೈ ಬಿಟ್ಟೊಡನೆ ಗಾಡಿ ನಿಲ್ಲುತ್ತದೆ. ಅದನ್ನು ನಿಲ್ಲಿಸಿದ್ದು ಘರ್ಷಣೆ. ತಳ್ಳುವ ಬಲಕ್ಕೂ ಘರ್ಷಣೆಗೂ ಸರಿಹೋಗಿ ಒಟ್ಟು ಬಲ ಸೊನ್ನೆಯಾದಾಗಲೇ ಗಾಡಿ ಒಂದೇ ವೇಗದಲ್ಲಿ ಸಾಗುತ್ತದೆ. ಇದನ್ನು ಕಾಣಲು ಮಾನವಕುಲಕ್ಕೆ ಸುಮಾರು ಎರಡು ಸಾವಿರ ವರ್ಷ ಬೇಕಾಯಿತು. ಆರನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯಾದ ಕ್ರೈಸ್ತ ಪಂಡಿತ ಫಿಲೊಪೊನಸ್ ಸಂದೇಹಿಸಿದ. ಹದಿನಾಲ್ಕರಲ್ಲಿ ಪ್ಯಾರಿಸ್ಸಿನ ಬ್ಯೂರಿಡನ್ ಇನ್ನಷ್ಟು ಮುಂದೆ ಹೋದ. ಬಳಿಕ ಗೆಲಿಲಿಯೊ, ನ್ಯೂಟನ್. ಅಂಥ ತಪ್ಪನ್ನು ಹದಿನೆಂಟರ ಹುಡುಗಿ ಮಾಡಿದರೆ ಅವಳನ್ನು ದಡ್ಡಿ ಎನ್ನುವುದು ಅನ್ಯಾಯ. ಸೂತ್ರಗಳನ್ನು ಹತ್ತು ಸಲ ಉರುಹೊಡೆದರೂ ಒಳಗಿನ ಅರಿಸ್ಟಾಟಲ್ ಜಾಗ ಬಿಡುವುದಿಲ್ಲ, ಅಷ್ಟೆ.

ಆದುದರಿಂದ ಪುನರಾವರ್ತನೆ ಎಂದರೆ ಪುಸ್ತಕವನ್ನು ಮೊದಲಿನಿಂದ ಮತ್ತೆ ಓದುವುದಲ್ಲ. ಅಧ್ಯಾಪಕರು ಆ ಹುಡುಗಿಗೆ 200 ಪುಟದ ನೋಟ್‌ಪುಸ್ತಕವೊಂದನ್ನು ಕೊಡಿಸಿದರು. ಪ್ರತಿದಿನ ಹಳೆಯ ಪ್ರಶ್ನೆಪತ್ರಿಕೆಗಳಿಂದ ಇಪ್ಪತ್ತು ಲೆಕ್ಕ. ತಪ್ಪಾದುದನ್ನು ಮಾತ್ರ ಪುಸ್ತಕದಲ್ಲಿ ಬರೆಯಬೇಕು, ಯಾವ ಕಾರಣಕ್ಕೆ ತಪ್ಪಿತೆಂಬುದನ್ನು ಒಂದೇ ವಾಕ್ಯದಲ್ಲಿ ಪಕ್ಕದಲ್ಲಿ ನಮೂದಿಸಬೇಕು: ಬಲಗಳ ಚಿತ್ರ ಬರೆಯಲಿಲ್ಲ, ಸೆಂಟಿಮೀಟರನ್ನು ಮೀಟರಿಗೆ ತಿರುಗಿಸಲಿಲ್ಲ, ಮಸೂರದ ಸೂತ್ರದಲ್ಲಿ ಚಿಹ್ನೆ ತಪ್ಪಿತು, ಪ್ರಶ್ನೆಯಲ್ಲಿದ್ದ 'ಅಲ್ಲ' ಎಂಬ ಪದ ಕಾಣಲಿಲ್ಲ. ಅದೇ ಲೆಕ್ಕವನ್ನು ಮರುದಿನ, ವಾರದ ಮೇಲೆ, ಮತ್ತೆ ಮೂರು ವಾರದ ಮೇಲೆ ಉತ್ತರ ನೋಡದೆ ಮಾಡಬೇಕು. ಸಂತ ಇಗ್ನಾಸಿಯುಸರು ಕಲಿಸಿದ ದಿನದ ಆತ್ಮಪರಿಶೋಧನೆಯ ಕ್ರಮವೂ ಇದೇ ಅಲ್ಲವೆ ಎಂದು ನಮಗೆ ತೋರಿತು. "ನಾನು ಪಾಪಿ" ಎಂದು ಒಟ್ಟಾರೆ ಹೇಳಿದವನಿಗೂ "ನಾನು ಫಿಸಿಕ್ಸಿನಲ್ಲಿ ವೀಕು" ಎಂದವಳಿಗೂ ಹಿಡಿದು ತಿದ್ದಲು ಏನೂ ಸಿಗುವುದಿಲ್ಲ.

ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿ, 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿದ ದಿವಂಗತ ಡಾ. ಎಚ್. ನರಸಿಂಹಯ್ಯನವರನ್ನು ನಮ್ಮ ಅಧ್ಯಾಪಕರು ಆಗಾಗ ನೆನೆಯುತ್ತಿದ್ದರು. ಎಲ್ಲವನ್ನೂ ಏಕೆಂದು ಕೇಳಿ ಎನ್ನುತ್ತಿದ್ದವರು ಅವರು. ಧರ್ಮದ ವಿಷಯದಲ್ಲಿ ಅವರೊಡನೆ ನಾವು ವಾದಕ್ಕಿಳಿಯಬಹುದಿತ್ತೇನೋ; ತರಗತಿಯ ವಿಷಯದಲ್ಲಿ ಅಲ್ಲ.

ತಪ್ಪುತ್ತರಕ್ಕೆ ಒಂದು ಅಂಕ ಕಳೆಯುವ ನಿಯಮ ಮಕ್ಕಳನ್ನು ಕಂಗೆಡಿಸುತ್ತದೆ. ರಾಜ್ಯದ ಸಿಇಟಿಯಲ್ಲಿ ಈ ಕಾಟವಿಲ್ಲ; 80 ನಿಮಿಷಕ್ಕೆ 60 ಭೌತಶಾಸ್ತ್ರ ಪ್ರಶ್ನೆಗಳು, ಅಷ್ಟೆ. ನೀಟ್‌ನಲ್ಲಿ ಸರಿಯುತ್ತರಕ್ಕೆ ನಾಲ್ಕು. ಕಣ್ಣುಮುಚ್ಚಿ ನಾಲ್ಕು ಪ್ರಶ್ನೆಗೆ ಗುರುತು ಹಾಕಿದರೆ ಸರಾಸರಿ ಒಂದು ಸರಿ, ಮೂರು ತಪ್ಪು. ಉಳಿಯುವುದು ಒಂದೇ ಅಂಕ, ಅದೂ ಅದೃಷ್ಟದ ಕೈಯಲ್ಲಿ. ಆದರೆ ಎರಡು ಆಯ್ಕೆಗಳನ್ನು ಖಚಿತವಾಗಿ ತಳ್ಳಿಹಾಕಬಲ್ಲವರಿಗೆ ಎರಡು ಪ್ರಶ್ನೆಗೆ ಸರಾಸರಿ ಮೂರು ಅಂಕ. ತಳ್ಳಿಹಾಕಲು ಆಯಾಮಗಳ ಪರೀಕ್ಷೆ ಸಾಕು: ಲೋಲಕದ ಆವರ್ತಕಾಲವನ್ನು ಕೇಳಿದಾಗ ಉದ್ದವನ್ನು ಗುರುತ್ವದ ವೇಗೋತ್ಕರ್ಷದಿಂದ ಭಾಗಿಸಿದರೆ ಸೆಕೆಂಡಿನ ವರ್ಗ ಬರುತ್ತದೆ, ವರ್ಗಮೂಲವಿಲ್ಲದ ಆಯ್ಕೆಯನ್ನು ಲೆಕ್ಕವಿಲ್ಲದೆಯೇ ಬಿಡಬಹುದು. 180 ನಿಮಿಷದಲ್ಲಿ 180 ಪ್ರಶ್ನೆ; ಜೀವಶಾಸ್ತ್ರವನ್ನು 50 ನಿಮಿಷದೊಳಗೆ ಮುಗಿಸಿದವರಿಗೆ ಮಾತ್ರ ಭೌತಶಾಸ್ತ್ರಕ್ಕೆ ಉಸಿರಾಡಲು ಎಡೆ.

ಪರೀಕ್ಷೆ ಮೇ 4ರ ಭಾನುವಾರ, ಮಧ್ಯಾಹ್ನ ಎರಡಕ್ಕೆ. ಪೂಜೆ ತಪ್ಪುವುದೆಂದು ತಾಯಿ ಕಳವಳಪಟ್ಟರು. ಶನಿವಾರ ಸಂಜೆಯ ಬಲಿಪೂಜೆ ಭಾನುವಾರದ ಋಣವನ್ನು ತೀರಿಸುತ್ತದೆಂದು ತಿಳಿಸಿದೆವು. ಕೊರಳ ಶಿಲುಬೆ? 2015ರಲ್ಲಿ ಕೇರಳದ ಧರ್ಮಭಗಿನಿಯೊಬ್ಬರು ಶಿರವಸ್ತ್ರ, ಶಿಲುಬೆ ತೆಗೆಯಲೊಪ್ಪದೆ ಪ್ರವೇಶ ಪರೀಕ್ಷೆಯನ್ನೇ ಬಿಟ್ಟು ಬಂದಿದ್ದರು. ಅವರ ನಿಷ್ಠೆಗೆ ನಮಿಸುತ್ತೇವೆ. ಆದರೂ ಈ ಮಗುವಿಗೆ ಸರವನ್ನು ಅಮ್ಮನ ಕೈಗೆ ಕೊಟ್ಟು ಒಳಗೆ ಹೋಗೆಂದೆವು.

ಆ ವರ್ಷದ ಭೌತಶಾಸ್ತ್ರ ಪತ್ರಿಕೆ ಬಹಳ ಕಠಿಣವೆಂದು ಎಲ್ಲೆಡೆ ಮಾತಾಯಿತು. ಹುಡುಗಿ ಹನ್ನೊಂದು ಪ್ರಶ್ನೆಗಳನ್ನು ಖಾಲಿ ಬಿಟ್ಟು ಬಂದಳು. ಹಿಂದಿನ ಸಲಕ್ಕಿಂತ ಅಂಕ ಏರಿತು, ಆದರೆ ವೈದ್ಯಕೀಯ ಸೀಟು ಒದಗಲಿಲ್ಲ; ಬಿ.ಎಸ್ಸಿ. ನರ್ಸಿಂಗ್ ಸೇರಿದ್ದಾಳೆ. ಮೂರನೆಯ ಸಲ ಕೂರಿಸಬೇಕೆ ಎಂದು ತಾಯಿ ಕೇಳಿದಾಗ, ಬಳೆಗಳನ್ನು ಮೊದಲು ಬಿಡಿಸಿಕೊಳ್ಳಿ ಎಂದೆವು, ಬಿಡಿಸಿಕೊಂಡರು. ತಪ್ಪುಗಳ ಪುಸ್ತಕವನ್ನು ಅವಳೇ ತಂದು ನಮ್ಮ ಮೇಜಿನ ಮೇಲಿಟ್ಟು ಹೋದಳು. ಬಸವನಗುಡಿಯ ಹುಡುಗನೊಬ್ಬ ಅದನ್ನು ಕೇಳಿ ಪಡೆದ. ಕೊನೆಯ ಮೂವತ್ತು ಪುಟ ಇನ್ನೂ ಖಾಲಿ ಇವೆ.