ಆಟದ ಪದಗಳೂ ಅಜ್ಜಿಯ ಅಡಕತ್ತರಿಯೂ

‘ದೇಶ ಸುತ್ತು, ಕೋಶ ಓದು’ ಎಂಬುದು ನಮ್ಮ ಹಿರಿಯರ ನುಡಿ. ದೇಶ ಸುತ್ತುವ ಅನುಕೂಲ ಎಲ್ಲರಿಗೂ ಒದಗಲಾರದು. ಆದರೆ ಕೋಶವನ್ನು ತೆರೆದರೆ ಕುಳಿತಲ್ಲಿಯೇ ದೇಶ ಸುತ್ತಿದ ಫಲ ದೊರೆಯುವುದುಂಟು. ಈ ಮಾತಿನ ಸತ್ಯವು ಮೂಡಿಗೆರೆ ತಾಲ್ಲೂಕಿನ ಜಾವಳಿಯಲ್ಲಿ, ಬಂಧುಗಳ ಮನೆಯ ಜಗಲಿಯ ಮೇಲೆ ನಮಗೆ ಮನವರಿಕೆಯಾಯಿತು.

ಜಾವಳಿ ಹೇಮಾವತಿಯ ಉಗಮಸ್ಥಾನ. ಬಲ್ಲಾಳರಾಯನದುರ್ಗದ ಸೆರಗಿನ ಈ ಊರಿಗೆ ದಸರಾ ರಜೆಯಲ್ಲಿ ನಾವು ಹೋದಾಗ ಮಳೆ ಇನ್ನೂ ಬಿಟ್ಟಿರಲಿಲ್ಲ, ವಿದ್ಯುತ್ತೂ ಇರಲಿಲ್ಲ. ಬೆಂಗಳೂರಿನಿಂದ ಬಂದಿದ್ದ ಮಕ್ಕಳು ಜಗಲಿಯಲ್ಲಿ ಸ್ಕ್ರ್ಯಾಬಲ್ ಹಲಗೆಯನ್ನು ಹರಡಿ ಕುಳಿತಿದ್ದರು. ಮನೆಯ ಹಿರಿಯ ಅಜ್ಜಿ ಗೋಡೆಗೊರಗಿ ಅಡಕತ್ತರಿಯಿಂದ ಅಡಿಕೆ ಕತ್ತರಿಸುತ್ತಿದ್ದರು. ಮಕ್ಕಳು ಬಂದು ಮೂರು ದಿನಗಳಾಗಿದ್ದರೂ ‘ಊಟ ಆಯ್ತಾ’, ‘ಹೂಂ ಅಜ್ಜಿ’ ಎಂಬುದಕ್ಕಿಂತ ಹೆಚ್ಚಿನ ಮಾತು ಅವರ ನಡುವೆ ನಡೆದಿರಲಿಲ್ಲ.

ಈ ಆಟವನ್ನು ಅರಿಯದ ವಾಚಕರಿಗಾಗಿ ಎರಡು ಮಾತು. ಅಮೆರಿಕದ ವಾಸ್ತುಶಿಲ್ಪಿ ಆಲ್ಫ್ರೆಡ್ ಬಟ್ಸ್ 1930ರ ದಶಕದಲ್ಲಿ ಇದನ್ನು ರೂಪಿಸಿದರು. ಸ್ಕ್ರ್ಯಾಬಲ್ ಎಂಬ ಹೆಸರು 1948ರಲ್ಲಿ ಬಂದಿತು. ಉದ್ದಕ್ಕೂ ಅಗಲಕ್ಕೂ 15 ಮನೆಗಳ ಹಲಗೆ, 100 ಬಿಲ್ಲೆಗಳು, ಆಟಗಾರನೊಬ್ಬನ ಕೈಯಲ್ಲಿ ಒಮ್ಮೆಗೆ 7 ಬಿಲ್ಲೆ. ಹೆಚ್ಚಾಗಿ ಬಳಕೆಯಾಗುವ ‘ಎ’, ‘ಇ’ಗಳಿಗೆ ಒಂದೊಂದೇ ಅಂಕ, ಅಪರೂಪದ ‘ಕ್ಯೂ’, ‘ಝಡ್’ಗಳಿಗೆ ಹತ್ತು ಹತ್ತು. ಆದ್ದರಿಂದಲೇ ಪಳಗಿದ ಆಟಗಾರರು ಅಪರೂಪದ ಪದಗಳನ್ನು ಹುಡುಕಿ ಕಂಠಪಾಠ ಮಾಡುತ್ತಾರೆ. ಅಮೆರಿಕದ ಹೊರಗೆ ಹೆಚ್ಚಾಗಿ ಬಳಕೆಯಲ್ಲಿರುವ ಕಾಲಿನ್ಸ್ ಪಟ್ಟಿಯಲ್ಲಿ ಎರಡೂಮುಕ್ಕಾಲು ಲಕ್ಷಕ್ಕೂ ಹೆಚ್ಚು ಪದಗಳಿವೆ. ಎರಡೇ ಅಕ್ಷರದ ಪದಗಳು 120ಕ್ಕೂ ಮಿಗಿಲು. ‘ಚೀ’ ಎಂದು ಉಚ್ಚರಿಸುವ, ‘ಕ್ಯೂ-ಐ’ ಎಂಬ ಎರಡಕ್ಷರದ ಪದ ಚೀನೀಯರ ಪ್ರಾಣಶಕ್ತಿ. ‘ಝೋ’ ಎಂದರೆ ಚಮರೀಮೃಗಕ್ಕೂ ಹಸುವಿಗೂ ಹುಟ್ಟಿದ ಟಿಬೆಟ್ಟಿನ ದನ. ‘ಎ-ಐ’ ಎಂಬುದು ದಕ್ಷಿಣ ಅಮೆರಿಕದ ಮೂರು ಬೆರಳಿನ ಸೋಮಾರಿ ಪ್ರಾಣಿ. ‘ಎ-ಎ’ ಎಂದರೆ ಹವಾಯಿ ದ್ವೀಪದ ಒರಟು ಲಾವಾ ಶಿಲೆ.

ಇವೆಲ್ಲ ನಮ್ಮ ಹುಡುಗನಿಗೆ ಬಾಯಿಪಾಠ. ಆ ಸಂಜೆ ಅವನು ಐದು ಬಿಲ್ಲೆಗಳನ್ನು ಜೋಡಿಸಿ ‘ಅರೀಕ’ ಎಂದು ಓದಿ, ಏಳು ಅಂಕ ಬರೆದುಕೊಂಡನು.

“ಹಾಗಂದ್ರೆ ಏನೋ ಮಗಾ?” ಎಂದರು ಅಜ್ಜಿ.

“ಗೊತ್ತಿಲ್ಲ ಅಜ್ಜಿ. ಡಿಕ್ಷನರಿಯಲ್ಲಿದೆ, ಅಷ್ಟೆ.”

ನಾವು ಕಪಾಟಿನಿಂದ ನಿಘಂಟನ್ನು ತರಿಸಿ ಓದಿಸಿದೆವು. ಅರೀಕ ಎಂದರೆ ಅಡಿಕೆ! ಮಲಯಾಳದ ‘ಅಡಕ್ಕ’ ಪೋರ್ಚುಗೀಸರ ನಾಲಗೆಯ ಮೇಲೆ ‘ಅರೆಕ’ ಆಗಿ ಇಂಗ್ಲಿಷಿಗೆ ಹೋಯಿತು. ಅದು ನಮ್ಮ ‘ಅಡಿಕೆ’ಯ ಒಡಹುಟ್ಟು. ಹುಡುಗ ಹಲಗೆಯನ್ನೊಮ್ಮೆ, ಅಜ್ಜಿಯ ಅಡಕತ್ತರಿಯನ್ನೊಮ್ಮೆ ನೋಡಿದನು. “ಇದೇನಾ? ಇದಕ್ಕೆ ಅಷ್ಟು ದೂರ ಹೋಗಬೇಕಿತ್ತಾ? ಇಲ್ಲೇ ಕೇಳಿದ್ರೆ ನಾನೇ ಹೇಳ್ತಿದ್ದೆ” ಎಂದು ಅಜ್ಜಿ ನಕ್ಕರು.

ಅಲ್ಲಿಂದ ಆಟದ ರೀತಿಯೇ ಬದಲಾಯಿತು. ಹುಡುಗ ತಾನು ಕಲಿತ ಪದಗಳನ್ನು ಒಂದೊಂದಾಗಿ ಅಜ್ಜಿಯ ಮುಂದಿಡತೊಡಗಿದನು. ‘ಕೋಪ್ರ’ ನಮ್ಮ ಕೊಬ್ಬರಿ. ‘ಟೀಕ್’ ನಮ್ಮ ತೇಗ. ಹಲಸಿಗೆ ಇಂಗ್ಲಿಷಿನಲ್ಲಿ ‘ಜ್ಯಾಕ್’ ಎಂಬ ಹೆಸರು ಮಲಯಾಳದ ‘ಚಕ್ಕ’ದಿಂದ ಬಂದದ್ದು. ಹೆಗ್ಗಣವನ್ನು ಹೇಳುವ ‘ಬ್ಯಾಂಡಿಕೂಟ್’ ತೆಲುಗಿನ ‘ಪಂದಿಕೊಕ್ಕು’, ಎಂದರೆ ಹಂದಿಯಿಲಿ. ಹಳಗನ್ನಡದಲ್ಲಿಯೂ ಹಂದಿಗೆ ‘ಪಂದಿ’ ಎಂದೇ ಹೆಸರು. ಇದೇ ಪದ ಮುಂದೆ ಆಸ್ಟ್ರೇಲಿಯಕ್ಕೂ ಪಯಣಿಸಿ ಅಲ್ಲಿನ ಬೇರೊಂದು ಪ್ರಾಣಿಗೆ ಹೆಸರಾಯಿತು. ಸೀಳುನಾಯಿಗೆ ಇಂಗ್ಲಿಷಿನವರು ‘ಢೋಲ್’ ಎನ್ನುತ್ತಾರೆ. ಅದರ ಮೂಲದ ಬಗ್ಗೆ ಪಂಡಿತರಲ್ಲಿ ಒಮ್ಮತವಿಲ್ಲವಾದರೂ, ಕನ್ನಡದ ‘ತೋಳ’ವೇ ಇರಬಹುದೆಂದು ಕೆಲವು ನಿಘಂಟುಕಾರರು ಊಹಿಸಿದ್ದಾರೆ. ಸೀಳುನಾಯಿಯ ಹೆಸರೆತ್ತಿದ್ದೇ ತಡ, ತಾವು ಚಿಕ್ಕವರಿದ್ದಾಗ ಅವು ಹಿಂಡುಗಟ್ಟಿ ಕಡವೆಯನ್ನು ಅಟ್ಟಿಕೊಂಡು ಬಂದ ಕಥೆಯನ್ನು ಅಜ್ಜಿ ಆರಂಭಿಸಿದರು. ಮಕ್ಕಳು ಬಿಲ್ಲೆಗಳನ್ನು ಮರೆತರು.

ಪದಗಳ ಪಯಣ ಒಂದೇ ದಿಕ್ಕಿನದಲ್ಲ. ತೋಟದ ‘ಮೇಸ್ತ್ರಿ’ ಪೋರ್ಚುಗೀಸರ ‘ಮೆಸ್ತ್ರೆ’. ನಮ್ಮ ಜಿಲ್ಲೆಯ ಉಸಿರೇ ಆಗಿರುವ ‘ಕಾಫಿ’ ಅರಬರ ‘ಕಹ್ವಾ’. ಅದರ ಬೀಜವನ್ನು 17ನೆಯ ಶತಮಾನದಲ್ಲಿ ಬಾಬಾ ಬುಡನ್ ಅವರು ಚಂದ್ರದ್ರೋಣ ಪರ್ವತಕ್ಕೆ ತಂದರೆಂದು ಪರಂಪರೆ ಹೇಳುತ್ತದೆ. ಇಂತಹ ಕೊಡುಕೊಳೆಯನ್ನು ಯೂಲ್ ಮತ್ತು ಬರ್ನೆಲ್ ಎಂಬ ಇಬ್ಬರು 1886ರಲ್ಲಿಯೇ ‘ಹಾಬ್ಸನ್-ಜಾಬ್ಸನ್’ ಎಂಬ ಕೋಶದಲ್ಲಿ ದಾಖಲಿಸಿದರು. ಕನ್ನಡದ ಪದಸಂಪತ್ತನ್ನು ಇಂಗ್ಲಿಷ್ ಅರ್ಥಗಳೊಡನೆ ಕೂಡಿಟ್ಟ ಕಿಟೆಲ್ ಅವರ ಮಹಾಕೋಶ 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಪರದೇಶದ ಪಂಡಿತರು ನಮ್ಮ ಹಿರಿಯರ ಬಾಯಿಂದ ಕೇಳಿ ಬರೆದುಕೊಂಡ ಪದಗಳನ್ನು ನಮ್ಮ ಮಕ್ಕಳು ಪರದೇಶದ ಪದಗಳೆಂದೇ ಕಲಿಯುತ್ತಿರುವುದು ಚಿಂತಿಸಬೇಕಾದ ಸಂಗತಿಯಲ್ಲವೇ?

ಅರ್ಥವನ್ನರಿಯದೆಯೂ ಈ ಆಟದಲ್ಲಿ ಗೆಲ್ಲಬಹುದು ಎಂಬುದಕ್ಕೆ ನಿದರ್ಶನವಿದೆ. ನ್ಯೂಜಿಲೆಂಡ್ ಮೂಲದ ನೈಜೆಲ್ ರಿಚರ್ಡ್ಸ್ ಫ್ರೆಂಚ್ ಮಾತನಾಡಲು ಬಾರದಿದ್ದರೂ ಕೆಲವೇ ವಾರಗಳಲ್ಲಿ ಆ ಭಾಷೆಯ ಪದಪಟ್ಟಿಯನ್ನು ಕಂಠಸ್ಥ ಮಾಡಿಕೊಂಡು, 2015ರಲ್ಲಿ ಫ್ರೆಂಚ್ ಸ್ಕ್ರ್ಯಾಬಲಿನ ವಿಶ್ವ ಪ್ರಶಸ್ತಿಯನ್ನು ಗೆದ್ದರು. 2024ರಲ್ಲಿ ಸ್ಪ್ಯಾನಿಷಿನಲ್ಲಿಯೂ ಗೆದ್ದರು. ಆ ನೆನಪಿನ ಶಕ್ತಿಗೆ ನಾವು ತಲೆಬಾಗಲೇಬೇಕು. ಆದರೆ ಮನೆಯ ಜಗಲಿಯಲ್ಲಿ ಆಡುವವರಿಗೆ ಪ್ರಶಸ್ತಿಯ ಹಂಗಿಲ್ಲ. ಅಲ್ಲಿ ಅಂಕವು ಆಟ ಮುಗಿದೊಡನೆ ಅಳಿಸಿಹೋಗುತ್ತದೆ, ಅರ್ಥ ಉಳಿಯುತ್ತದೆ.

ಆದ್ದರಿಂದ ಗೃಹಸ್ಥ ಬಂಧುಗಳಲ್ಲಿ ನಮ್ಮದೊಂದು ಬಿನ್ನಹ. ಮಕ್ಕಳು ಇಂಗ್ಲಿಷ್ ಪದಗಳ ಆಟವನ್ನು ಧಾರಾಳವಾಗಿ ಆಡಲಿ. ಅದರಿಂದ ಬುದ್ಧಿ ಚುರುಕಾಗುವುದು. ಆದರೆ ಮನೆಮಟ್ಟಿಗೆ ಒಂದು ನಿಯಮವಿರಲಿ: ಪದವನ್ನು ಇಟ್ಟವರು ಅದರ ಅರ್ಥವನ್ನು ಹೇಳಬೇಕು, ಅದಕ್ಕೆ ಸಲ್ಲುವ ಕನ್ನಡ ಪದವನ್ನು ಮನೆಯ ಹಿರಿಯರೊಬ್ಬರನ್ನು ಕೇಳಿ ತಿಳಿಯಬೇಕು. ಹಿರಿಯರೂ ‘ನಮಗೇನು ಗೊತ್ತು ನಿಮ್ಮ ಇಂಗ್ಲಿಷು’ ಎಂದು ದೂರ ಸರಿಯಬಾರದು. ಅವರ ಬಾಯಲ್ಲಿರುವ ಎಷ್ಟೋ ಪದಗಳು ಯಾವ ಕೋಶದಲ್ಲಿಯೂ ಸೇರಿರಲಾರವು. ಕೇಳುವವರಿಲ್ಲದೆ ಹೋದರೆ ಅವು ಅವರೊಂದಿಗೇ ಮುಗಿದುಹೋಗುತ್ತವೆ.

ನಾವು ಜಾವಳಿಯಿಂದ ಹೊರಟ ಬೆಳಿಗ್ಗೆ ಆ ಹುಡುಗ ಅಜ್ಜಿಯ ಪಕ್ಕದಲ್ಲಿ ಕುಳಿತು ನೋಟುಪುಸ್ತಕದಲ್ಲಿ ಏನೋ ಬರೆದುಕೊಳ್ಳುತ್ತಿದ್ದನು. ಇಣುಕಿ ನೋಡಿದೆವು. ಎಡಗಡೆ ಇಂಗ್ಲಿಷ್ ಪದಗಳು, ನಡುವೆ ಅಂಕಗಳು, ಬಲಗಡೆ ಅಜ್ಜಿ ಹೇಳಿದ ಕನ್ನಡ. ಬಲಗಡೆಯ ಸಾಲು ಎಡಗಡೆಯದಕ್ಕಿಂತ ಉದ್ದವಾಗಿತ್ತು.