ಭಯಾನಕ ರಸ ಮತ್ತು ‘ನಾ ನಿನ್ನ ಬಿಡಲಾರೆ’

ಚಳ್ಳಕೆರೆ ತಾಲ್ಲೂಕಿನ ನನ್ನಿವಾಳವು ಮ್ಯಾಸನಾಯಕರ ಕಟ್ಟೆಮನೆಯ ಊರು. ಆ ಸೀಮೆಯ ಜನರು ದೇವರು ಮೈದುಂಬುವುದಕ್ಕೂ ದೆವ್ವ ಮೆಟ್ಟಿಕೊಳ್ಳುವುದಕ್ಕೂ ಸ್ಪಷ್ಟವಾದ ಭೇದವನ್ನೆಣಿಸುವರು. ಮೊದಲನೆಯದು ಮರ್ಯಾದೆ, ಎರಡನೆಯದು ಆಪತ್ತು. ದೆವ್ವ ಹಿಡಿಯುವುದು ಹೆಂಗಸನ್ನೇ ಎಂಬ ಎಣಿಕೆಯಾದರೋ ನಾಡಿನಲ್ಲೆಲ್ಲ ಬೇರೂರಿದುದು.

ಈ ಎಣಿಕೆಯನ್ನು ತಲೆಕೆಳಗು ಮಾಡಿದ ಕನ್ನಡ ಚಲಚ್ಚಿತ್ರವೊಂದುಂಟು. ಅದು ೧೯೭೯ರಲ್ಲಿ ವಿಜಯ್ ಅವರು ನಿರ್ದೇಶಿಸಿದ ‘ನಾ ನಿನ್ನ ಬಿಡಲಾರೆ’. ಪ್ರೇಕ್ಷಕರು ಇದನ್ನು ಮರೆತವರಲ್ಲ. ರಾಜನ್-ನಾಗೇಂದ್ರರ ಸಂಗೀತವೇ ಮರೆಯಗೊಡದು. ಇದನ್ನು ಕಡೆಗಣಿಸಿದುದು ವಿಮರ್ಶೆ. ‘ಸಂಸ್ಕಾರ’ (೧೯೭೦), ‘ಚೋಮನ ದುಡಿ’ (೧೯೭೫), ‘ಘಟಶ್ರಾದ್ಧ’ (೧೯೭೭) ಮೊದಲಾದ ಚಿತ್ರಗಳ ಕಡೆಗೆ ವಿದ್ವಾಂಸರ ದೃಷ್ಟಿಯೆಲ್ಲ ತಿರುಗಿದ್ದ ಆ ದಶಕದಲ್ಲಿ ದೆವ್ವದ ಕಥೆಯು ಬರಿಯ ವಿನೋದವೆನಿಸಿತು. ನಾಯಕನಾಗಿ ನಟಿಸಿದ ಅನಂತನಾಗ್ ಅವರೇ ‘ಹಂಸಗೀತೆ’ಯಲ್ಲಿ (೧೯೭೫) ಗಾಯಕನ ಪಾತ್ರವನ್ನು ವಹಿಸಿದ್ದರು. ಜಿ. ವಿ. ಅಯ್ಯರ್ ಅವರ ಆ ಚಿತ್ರಕ್ಕೆ ಆಧಾರವಾದ ಕಾದಂಬರಿಯನ್ನು ಬರೆದ ತ. ರಾ. ಸು. ಅವರು ನನ್ನಿವಾಳದ ತಾಲ್ಲೂಕಿಗೇ ಸೇರಿದ ತಳುಕಿನ ಮನೆತನದವರು. ಆ ಅಭಿನಯಕ್ಕೆ ಸಂದ ವಿಚಾರಣೆಯು ಈ ಅಭಿನಯಕ್ಕೆ ಸಲ್ಲದಿದ್ದುದು ನ್ಯಾಯವೆನ್ನಲಾಗದು.

ಏಕೆಂದರೆ ಇಲ್ಲಿಯ ಕೆಲಸವು ಸುಲಭದ್ದಲ್ಲ. ಭರತನು ನಾಟ್ಯಶಾಸ್ತ್ರದಲ್ಲಿ ವಿಕೃತ ಧ್ವನಿ, ಭೂತದರ್ಶನ, ಶೂನ್ಯಗೃಹ, ಅರಣ್ಯಗಳನ್ನು ಭಯಾನಕ ರಸಕ್ಕೆ ವಿಭಾವಗಳೆಂದು ಎಣಿಸಿದ್ದಾನೆ. ಕೈಕಾಲುಗಳ ನಡುಕ, ಮುಖದ ಬಣ್ಣಗೆಡುವುದು, ಸ್ವರಭೇದ ಇವು ಅನುಭಾವಗಳು. ಆದರೆ ಭಯವು ಸ್ತ್ರೀಯರಿಗೂ ನೀಚಪ್ರಕೃತಿಯವರಿಗೂ ಸಹಜವೆಂದೂ ಆತನೇ ಹೇಳುತ್ತಾನೆ. ಚಿತ್ರದಲ್ಲಿ ನಡೆಯುವುದು ಇದಕ್ಕೆ ವಿಪರೀತ. ಕೃಷ್ಣನನ್ನು ಬಯಸಿ ಪಡೆಯಲಾರದೆ ಸತ್ತ ಕಾಮಿನಿಯ ಪ್ರೇತವು ಅವನ ದೇಹವನ್ನೇ ಹೊಗುತ್ತದೆ. ಪರವಶನಾದವನು ನಾಯಕ, ಧೃತಿಗೆಡದೆ ನಿಲ್ಲಬೇಕಾದವಳು ಅವನ ಹೆಂಡತಿ, ಲಕ್ಷ್ಮಿಯವರ ಪಾತ್ರ. ಗಂಡಿನ ಶರೀರದಲ್ಲಿ ಹೆಣ್ಣಿನ ಅಭಿಪ್ರಾಯವನ್ನು ತೋರುವುದರಲ್ಲಿ ನಟನು ಸ್ವಲ್ಪ ತಪ್ಪಿದರೂ ಭಯಾನಕವು ಹಾಸ್ಯಕ್ಕೆ ಜಾರುವುದು. ಇಲ್ಲಿ ಅದು ಜಾರಲಿಲ್ಲ.

೧೯೮೧ರಲ್ಲಿ ಇದೇ ಕಥೆಯು ಹಿಂದಿಯಲ್ಲಿ ‘ಮಂಗಲಸೂತ್ರ’ವಾಯಿತು. ನಾಯಕರು ಅನಂತನಾಗ್ ಅವರೇ, ನಾಯಿಕೆ ರೇಖಾ. ಹಿಂದಿಯ ಹೆಸರು ಹೆಂಡತಿಯ ಪಕ್ಷವೊಂದನ್ನೇ ಹಿಡಿದಿದೆ. ಕನ್ನಡದ ಹೆಸರಿನ ಸೊಗಸು ಬೇರೆ: ‘ನಾ ನಿನ್ನ ಬಿಡಲಾರೆ’ ಎಂಬ ಮಾತು ಪ್ರೇತದ ಬಾಯಿಗೂ ಹೆಂಡತಿಯ ಬಾಯಿಗೂ ಸಮನಾಗಿ ಒಪ್ಪುತ್ತದೆ.